ಲ್ಯಾನ್ಸ್‌ಲೊಟ್ ಆರಿಸಿದ ಕೆಂಪು ತಂಡ

ಮೆಲ್ಬರ್ನ್ ವಿಮಾನ ನಿಲ್ದಾಣದ ಟಾಯ್ಲೆಟ್ಟಿನಲ್ಲಿ ಚಿಲಕ ಹಾಕಿಕೊಂಡು ಲ್ಯಾನ್ಸ್‌ಲೊಟ್ ಹೆಂಡತಿಗೆ ಮೋಸ ಮಾಡಿದ.

ಗಾಬರಿ ಬೇಡ, ಇದು ಬೇರೆ ಹೆಂಗಸಿನ ಸುದ್ದಿಯಲ್ಲ. ಹದಿನಾಲ್ಕು ಹೆಂಗಸರ ಸುದ್ದಿ. ಯುರೋಪಿನ ಮಹಿಳಾ ಕ್ಲಬ್ ಹ್ಯಾಂಡ್‌ಬಾಲ್‌ನ ಕ್ವಾರ್ಟರ್ ಫೈನಲ್ ಪಂದ್ಯವೊಂದು, ಆಸ್ಟ್ರೇಲಿಯಾ ಮಲಗಿದ್ದಾಗ ಹಂಗೇರಿಯಲ್ಲಿ ಮುಗಿದಿತ್ತು. ಇಬ್ಬರೂ ಕೂತು ಅದರ ರೆಕಾರ್ಡಿಂಗ್ ನೋಡುವ ತನಕ ಫಲಿತಾಂಶ ನೋಡುವುದಿಲ್ಲ ಎಂದು ಅವನು ಹೆಂಡತಿ ಕ್ರಿಸ್ಟಿನ್‌ಗೆ ಮಾತು ಕೊಟ್ಟಿದ್ದ. ಈಗ ಫೋನಿನಲ್ಲಿ ನೋಡಿಯೇಬಿಟ್ಟ. ಕೆಂಪು ಜರ್ಸಿಯ ಹಂಗೇರಿಯವರು ಬಿಳಿ ಜರ್ಸಿಯ ನಾರ್ವೆಯವರನ್ನು ಐದು ಗೋಲುಗಳಿಂದ ಸೋಲಿಸಿದ್ದರು. ಫೋನನ್ನು ಜೇಬಿಗಿಳಿಸಿ, ಕನ್ನಡಿಯ ಮುಂದೆ ನಿಂತು, ಅಮಾಯಕನಂತೆ ಕಾಣುವುದನ್ನು ಸ್ವಲ್ಪ ಅಭ್ಯಾಸ ಮಾಡಿದ.

ಆ ಪಂದ್ಯದ ಮೇಲೆ ಅವರ ಸಂಸಾರವೇ ನಿಂತಿತ್ತು. ಮದುವೆಯಾದಾಗಿನಿಂದ ಅವನು ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ, ಅವಳು ಸಿಡ್ನಿಯ ಎಪ್ಪಿಂಗ್‌ನಲ್ಲಿ. ರಜೆ ಸಿಕ್ಕಾಗ ವಿಮಾನ, ಉಳಿದಂತೆ ಫೋನು. ಇಬ್ಬರಲ್ಲಿ ಒಬ್ಬರು ಊರು ಬಿಡಲೇಬೇಕಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಲ್ಯಾನ್ಸ್‌ಲೊಟ್, ಚರ್ಚಿನ ಹಾಡಿನ ತಂಡ, ಗೆಳೆಯರು, ಐದು ವರ್ಷ ಮಗುವಿನಂತೆ ಸಾಕಿದ ಕರಿಬೇವು ಎಂದೆಲ್ಲ ಕಾರಣ ಹೇಳಿ ಜಗ್ಗಲಿಲ್ಲ. ಗೆಳೆಯ ಹ್ಯಾರಿಸ್‌ನ ಹೊಸ ಮನೆಯ ಊಟದಲ್ಲಿ, ಮಂದಿಯೆದುರೇ, ತಾನು ಸಿಡ್ನಿಗೆ ಹೋದರೆ ತನ್ನನ್ನು ಬೇರೆ ಹೆಸರಿನಿಂದ ಕರೆಯಿರಿ ಎಂದು ಘೋಷಿಸಿಯೂ ಆಗಿತ್ತು.

ಕ್ರಿಸ್ಟಿನ್‌ಗೂ ಒಂದು ಕಾರಣವಿತ್ತು. ಮಂಗಳೂರಿನಲ್ಲಿದ್ದಾಗ ಅವಳು ಯೂನಿವರ್ಸಿಟಿ ತಂಡಕ್ಕೆ ಹ್ಯಾಂಡ್‌ಬಾಲ್ ಆಡಿದವಳು. ಈಗ ಶನಿವಾರಗಳಂದು ಎಪ್ಪಿಂಗ್‌ನ ಒಂದು ಹಾಲ್‌ನಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಿದ್ದಳು. ಕಳೆದ ಸಲ ಬಂದಿದ್ದಾಗ ಲ್ಯಾನ್ಸ್‌ಲೊಟ್ ಹೋಗಿ ನೋಡಿದ್ದ. ಸೀಟಿ ಊದಿಕೊಂಡು, ಬೆವರು ಸುರಿಸಿಕೊಂಡು, ಅವಳು ಮದುವೆಯ ದಿನಕ್ಕಿಂತಲೂ ಸಂತೋಷವಾಗಿದ್ದಳು. ಮನೆಗೆ ಬಂದ ಮೇಲೆ ಅವನು ಆ ಬಗ್ಗೆ ಚಕಾರವೆತ್ತಲಿಲ್ಲ.

ಪಂಥದ ಉಪಾಯ ಹೊಳೆದದ್ದು ಅವನಿಗೇ. ಕ್ವಾರ್ಟರ್ ಫೈನಲ್‌ನ ಎರಡು ತಂಡಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು. ಯಾರ ತಂಡ ಸೆಮಿಫೈನಲ್‌ಗೆ ಹೋಗುತ್ತದೋ ಅವರ ಊರಿನಲ್ಲಿ ಸಂಸಾರ. ಷರತ್ತನ್ನು ತಾನೂ ಹೇಳಿ, ಅವಳ ಬಾಯಿಂದಲೂ ಹೇಳಿಸಿದ. ಈ ತಂಡಗಳು ಹಿಂದಿನ ವಾರ ನಾರ್ವೆಯಲ್ಲಿ ಒಮ್ಮೆ ಆಡಿದ್ದವು; ತನಗೆ ಡ್ಯೂಟಿ ಇತ್ತು, ನೋಡಲಿಲ್ಲ ಎಂದಿದ್ದ.

ಇವತ್ತು ಬೆಳಿಗ್ಗೆ ಅವನನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ಹ್ಯಾರಿಸ್ ಸೂಟ್‌ಕೇಸನ್ನು ಕಾರಿಗೆ ಹಾಕುವಾಗ, ಎರಡು ದಿನಕ್ಕೆ ಕಲ್ಲು ತುಂಬಿಕೊಂಡಿದ್ದೀಯಾ ಎಂದು ಬೈದಿದ್ದ. ಕ್ರಿಸ್ಟಿನ್‌ಳ ಮನೆಗೆ ಸಾಮಾನು ಎಂದು ಹೇಳಿ ಲ್ಯಾನ್ಸ್‌ಲೊಟ್ ಅವನ ಕೈಗೆ ಕರಿಬೇವಿನ ಕುಂಡ ಕೊಟ್ಟ. ದಿನಾ ನೀರು ಹಾಕಬೇಡ, ಬೇರು ಕೊಳೆಯುತ್ತದೆ ಎಂದು ಎರಡೆರಡು ಸಲ ಹೇಳಿದ.

ಎಪ್ಪಿಂಗ್‌ನಲ್ಲಿ ಕ್ರಿಸ್ಟಿನ್ ಬೆಳಗಿನಿಂದ ಫೋನನ್ನೇ ಆಫ್ ಮಾಡಿಟ್ಟು ಕಾಯುತ್ತಿದ್ದಳು. ಅಷ್ಟು ಪ್ರಾಮಾಣಿಕಳು. ಅವಳ ಮುಖ ನೋಡಿ ಲ್ಯಾನ್ಸ್‌ಲೊಟ್‌ನ ಮನಸ್ಸು ಒಂದು ಕ್ಷಣ ಚುರುಕ್ಕೆಂದಿತು. ಆದರೂ ಮೀನುಸಾರು ಉಂಡು, ಟೀವಿಯ ಮುಂದೆ ಕುಳಿತ.

"ಮೊದಲು ನೀನೇ ಆರಿಸು. ಉಳಿದದ್ದು ನಂಗೆ," ಅಂದಳು ಅವಳು, ಅವನತ್ತ ನೋಡದೆ.

"ಕೆಂಪು."

ಕ್ರಿಸ್ಟಿನ್ ರಿಮೋಟ್ ಕೆಳಗಿಟ್ಟಳು. "ಸರೀ ಯೋಚನೆ ಮಾಡಿದ್ದೀಯಾ ಲ್ಯಾನ್ಸಿ?"

"ವಿಮಾನದಲ್ಲಿ ಅದನ್ನೇ ಯೋಚಿಸಿದ್ದು."

ಪಂದ್ಯ ಶುರುವಾಯಿತು. ಹಂಗೇರಿಯ ಹುಡುಗಿಯರು ಚೆಂಡನ್ನು ಬೀಸಿ ಎಸೆದರೆ ಬಲೆ ನಡುಗುತ್ತಿತ್ತು. ಕ್ರಿಸ್ಟಿನ್ ದಿಂಬು ಹಿಚುಕಿದಳು, ರೆಫರಿಯನ್ನು ಕೊಂಕಣಿಯಲ್ಲಿ ಬೈದಳು. ಲ್ಯಾನ್ಸ್‌ಲೊಟ್ ಮಾತ್ರ ಫಲಿತಾಂಶ ತಿಳಿದವನ ನೆಮ್ಮದಿಯಲ್ಲಿ ಬಾಳೆಕಾಯಿ ಚಿಪ್ಸ್ ತಿನ್ನುತ್ತಿದ್ದ. ಕೊನೆಯ ಸೀಟಿ ಊದಿದಾಗ ಕೆಂಪು ತಂಡ ಐದು ಗೋಲು ಮುಂದಿತ್ತು. ಅವನು ಎದ್ದುನಿಂತು ಚಪ್ಪಾಳೆ ತಟ್ಟಿದ, ಬೇಕಾದ್ದಕ್ಕಿಂತ ತುಸು ಜೋರಾಗಿಯೇ. ಮೆಲ್ಬರ್ನ್‌ನ ಚಳಿಗೆ ದಪ್ಪ ಸ್ವೆಟರ್ ಕೊಂಡುಕೊ ಎಂದು ಹೆಂಡತಿಗೆ ಸಲಹೆಯನ್ನೂ ಕೊಟ್ಟ.

ಕ್ರಿಸ್ಟಿನ್ ಟೀವಿಯ ಸದ್ದು ತಗ್ಗಿಸಿದಳು.

"ಇದು ಕ್ರಿಕೆಟ್ ಅಲ್ಲ ಮಾರಾಯ," ಅಂದಳು ಮೆಲ್ಲಗೆ. "ಎರಡು ಮ್ಯಾಚಿನ ಗೋಲು ಸೇರಿಸಿ ನೋಡ್ತಾರೆ. ಹೋದ ವಾರ ಬಿಳಿಯವರು ಎಂಟು ಗೋಲಿಂದ ಗೆದ್ದಿದ್ರು. ಸೆಮಿಫೈನಲ್‌ಗೆ ಹೋದದ್ದು ಅವರೇ."

ಟೀವಿಯಲ್ಲಿ, ಸೋತ ಬಿಳಿ ಜರ್ಸಿಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ಲ್ಯಾನ್ಸ್‌ಲೊಟ್ ತಲೆಯ ಮೇಲೆ ಕೈಹೊತ್ತು ಕುಳಿತ.

ಗೆದ್ದವಳಿಗೇ ಬೇಜಾರಾಯಿತು. ಗಂಡನ ಹಾಡಿನ ತಂಡ, ಗೆಳೆಯರು ಎಲ್ಲ ನೆನಪಾಗಿ ಅವಳ ಕಣ್ಣು ತುಂಬಿತು. ಎಂಟು ಗೋಲು ಮುಂದಿದ್ದ ಬಿಳಿಯನ್ನೇ ಅವನು ಆರಿಸುತ್ತಾನೆಂದು ನಂಬಿ ಮೊದಲ ಸರದಿ ಬಿಟ್ಟುಕೊಟ್ಟಿದ್ದಾಗಿ ಹೇಳಿದಳು. "ಪಂಥ ಬಿಡು. ನಾನೇ ಮೆಲ್ಬರ್ನ್‌ಗೆ ಬರ್ತೇನೆ."

ಲ್ಯಾನ್ಸ್‌ಲೊಟ್ ಕುರ್ಚಿಯಿಂದ ಬೀಳುವುದೊಂದು ಬಾಕಿ. "ಬೇಡ, ಬೇಡ. ಮಾತು ಅಂದ್ರೆ ಮಾತು. ಸೋತವ ನಾನು, ಬರುವವ ನಾನು."

ಅವನ ದೊಡ್ಡತನಕ್ಕೆ ಅವಳು ಕರಗಿಹೋದಳು. ಟೀಗೆ ನೀರಿಟ್ಟು ಬಂದು, ಬಾಗಿಲ ಬಳಿಯ ಸೂಟ್‌ಕೇಸನ್ನು ಒಳಗಿಡಲು ಹೋದರೆ ಅದನ್ನು ಎತ್ತಲಾಗಲಿಲ್ಲ. ಎರಡು ದಿನಕ್ಕೆ ಏನು ತಂದಿದ್ದಾನೆಂದು ಜಿಪ್ ಎಳೆದಳು. ಮೇಲೆ, ಇಡ್ಲಿಯಂಥ ಸಾನ್ನಾ ಬೇಯಿಸುವ ದೊಡ್ಡ ಪಾತ್ರೆ. ಅದರಡಿ ಅವನ ಬಟ್ಟೆಗಳೆಲ್ಲ. ಬಟ್ಟೆಗಳ ನಡುವೆ, ಟವೆಲ್ಲಿನಲ್ಲಿ ಜೋಪಾನವಾಗಿ ಸುತ್ತಿದ, ಕ್ಲೇಟನ್ ಮನೆಯ ಗೋಡೆಯ ಮೇಲಿದ್ದ ಯೇಸುವಿನ ಪಟ. ಇಡೀ ಮನೆ ಖಾಲಿ ಮಾಡುವವರಷ್ಟೇ ಅದನ್ನು ಇಳಿಸುತ್ತಾರೆ. ಕ್ರಿಸ್ಟಿನ್ ಪಟ ಹಿಡಿದುಕೊಂಡು ಬಂದು ಅವನೆದುರು ನಿಂತಳು.

"ಮೊದಲನೇ ಮ್ಯಾಚ್ ನಾನು ಪೂರ್ತಿ ನೋಡಿದ್ದೆ, ಇದರ ಸ್ಕೋರೂ ಗೊತ್ತಿತ್ತು," ಎಂದ ಲ್ಯಾನ್ಸ್‌ಲೊಟ್. "ಅಷ್ಟು ಜನರೆದುರು ಹಾಗೆ ಹೇಳಿ, ಸೋಲದೆ ಹೇಗೆ ಬರ್ಲಿ? ಇನ್ನು ನಿಂಗೆ ಬೇಕಾದ ಹೆಸರಿಂದ ಕರಿ."