ಹನ್ನೆರಡನೇ ಕೊಠಡಿಯ ಮೇಷ್ಟ್ರು

ಹನ್ನೆರಡನೇ ಕೊಠಡಿಯ ಬಾಗಿಲನ್ನು ಅವಳು ಮೆಲ್ಲಗೆ ತಳ್ಳಿದಳು. ಕ್ಯಾಲ್ಕುಲಸ್‌ನಲ್ಲಿ ಮೂರು ಸಲ ಡುಮ್ಕಿ ಹೊಡೆದಾಗಿತ್ತು. ನಾಲ್ಕನೆಯದೇ ಕೊನೆಯ ಅವಕಾಶ. ಅದೂ ಹೋದರೆ ವಿಶ್ವವಿದ್ಯಾಲಯ ಅವಳ ಹೆಸರನ್ನೇ ಹೊಡೆದುಹಾಕುತ್ತದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ರಕ್ತದ ಟ್ಯೂಬು ಜೋಡಿಸಿದವಳು ಇನ್ನು ನಿವೃತ್ತಿಯವರೆಗೂ ಅದನ್ನೇ ಜೋಡಿಸಬೇಕು. “ಈ ವಯಸ್ಸಲ್ಲಿ ಡಿಗ್ರಿ ಹುಚ್ಚು ಯಾಕಮ್ಮ ನಿನಗೆ?” ಎಂದು ಅತ್ತೆ ಕೇಳಿದ್ದರು. ಉತ್ತರ ಅವಳಿಗೂ ಮರೆಯುತ್ತ ಬಂದಿತ್ತು.

ಗಣಿತ ವಿಭಾಗದ ಬೋರ್ಡಿನಲ್ಲಿ ಹಳದಿಗಟ್ಟಿದ ಚೀಟಿಯೊಂದು ಒಂದೇ ಪಿನ್ನಿಗೆ ನೇತಾಡುತ್ತಿತ್ತು: ಕ್ಯಾಲ್ಕುಲಸ್‌ಗೆ ಉಚಿತ ಸಹಾಯ, ಕೊಠಡಿ ಹನ್ನೆರಡು, ಸಂಜೆ ಐದಕ್ಕೆ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತ್ತು.

ಒಳಗೆ ಒಬ್ಬರೇ ಕೂತಿದ್ದರು. ನರೆತ ಮೀಸೆ, ಅಂಗಿ ತೋಳಿನಂಚಿಗೆ ಸೀಮೆಸುಣ್ಣದಂಥ ಬಿಳಿ ಪುಡಿ, ಮುಂದೆ ಕ್ಯಾಲ್ಕುಲಸ್‌ನ ದಪ್ಪ ಪುಸ್ತಕ. ಅವಳನ್ನು ಕಂಡದ್ದೇ ಎದ್ದು ನಿಂತರು. ಎಂಥ ಸಂಭಾವಿತ ಮೇಷ್ಟ್ರು ಎಂದುಕೊಂಡಳು.

“ಕ್ಯಾಲ್ಕುಲಸ್‌ಗೇ ಬಂದಿದ್ದಲ್ವಾ, ಮೇಡಂ?”

“ಹೌದು, ಸರ್.”

“ಸದ್ಯ, ಬಂದ್ರಲ್ಲ! ಅರ್ಧ ಗಂಟೆಯಿಂದ ಕಾಯ್ತಾ ಇದೀನಿ.”

ಅವರು ಪುಸ್ತಕ ಅವಳ ಕಡೆ ತಿರುಗಿಸಿ ಒಂದು ಲೆಕ್ಕದ ಮೇಲೆ ಬೆರಳಿಟ್ಟರು. “ಇದನ್ನ ಹೇಗೆ ಮಾಡೋದು, ಹೇಳಿ.”

ಬಂದ ತಕ್ಷಣವೇ ಪರೀಕ್ಷೆ! ಅದು ಚೈನ್ ರೂಲ್ ಲೆಕ್ಕ, ಅವಳಿಗೆ ಕಬ್ಬಿಣದ ಕಡಲೆ. ಆದರೂ ಲ್ಯಾಬಿನ ಭಾಷೆಯಲ್ಲೇ ತಡವರಿಸಿದಳು. “ಡಬ್ಬಿಯೊಳಗೆ ಟ್ಯೂಬ್ ಇದ್ದ ಹಾಗೆ, ಸರ್. ಮೊದಲು ಹೊರಗಿನ ಡಬ್ಬಿ ಬಿಚ್ಚಬೇಕು. ಆಮೇಲೆ ಒಳಗಿನ ಟ್ಯೂಬ್. ಎರಡನ್ನೂ ಗುಣಿಸಬೇಕು. ಒಳಗಿನದನ್ನ ಮರೆತರೆ ಲೆಕ್ಕ ತಪ್ಪು.”

ಅವರು ಒಂದಕ್ಷರ ಬಿಡದೆ ಬರೆದುಕೊಂಡರು. ಅಂಕ ಹಾಕುತ್ತಿದ್ದಾರೇನೋ ಎಂದು ಅವಳು ಹೆದರಿದಳು.

ಆರು ವಾರ ಹೀಗೇ ನಡೆಯಿತು. ಅವರು ಯಾವತ್ತೂ ಉತ್ತರ ಹೇಳಲಿಲ್ಲ. ಪ್ರಶ್ನೆ ಕೇಳಿಯೇ ಅವಳಿಂದ ಹೊರಡಿಸಿದರು. ಗೊತ್ತಿಲ್ಲದ್ದನ್ನು ಅವಳು ಬಸ್ಸಿನಲ್ಲಿ ಓದಿಕೊಂಡು ಬಂದು ಒಪ್ಪಿಸುತ್ತಿದ್ದಳು. ಕೆಲವೊಮ್ಮೆ ಅವರು ತಾವೇ ಲೆಕ್ಕ ಮಾಡಿ ತಂದು, ನಡುವೆ ಒಂದು ಮೈನಸ್ ಬಿಟ್ಟು, “ಸರಿಯಿದೆಯಾ?” ಎನ್ನುತ್ತಿದ್ದರು. ಅವಳು ತಪ್ಪು ಹಿಡಿದರೆ ಮುಖ ಅರಳಿಸುತ್ತಿದ್ದರು. ಪಾಠ ಹೇಳುವುದೆಂದರೆ ಇದಪ್ಪಾ ಎಂದುಕೊಳ್ಳುತ್ತಿದ್ದಳು.

ಪರೀಕ್ಷೆಯ ಹಿಂದಿನ ಸಂಜೆ ಒಂದು ಇಂಟಿಗ್ರಲ್ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಅವಳು ಪೆನ್ನು ಕೆಳಗಿಟ್ಟು ಅತ್ತೇಬಿಟ್ಟಳು. “ನನ್ನ ಕೈಲಿ ಆಗಲ್ಲ, ಸರ್.”

ಅವರ ಮುಖ ಬಿಳಿಚಿಕೊಂಡಿತು. “ನೀವೇ ಹೀಗಂದ್ರೆ ನನ್ನ ಗತಿ ಏನು, ಮೇಡಂ?”

ತನ್ನ ಸೋಲನ್ನು ತಮ್ಮದೆಂದು ತಿಳಿಯುವ ಗುರು! ಅವರಿಗಾಗಿಯಾದರೂ ಪಾಸಾಗಬೇಕೆಂದು ಕಣ್ಣೊರೆಸಿಕೊಂಡು ಮನೆಗೆ ಹೋದಳು.

ಮರುದಿನ ಪರೀಕ್ಷಾ ಕೊಠಡಿಯಲ್ಲಿ ಅವಳು ಹಾಲ್ ಟಿಕೆಟ್ ಹಿಡಿದು ಕೂತಳು. ಓದಿದ್ದೆಲ್ಲ ಹಾರಿಹೋಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನರೆತ ಮೀಸೆ ಕಂಡಿತು. ಮೇಲ್ವಿಚಾರಣೆಗೆ ಅವರನ್ನೇ ಹಾಕಿದ್ದಾರೆ! ಹೋದ ಜೀವ ಬಂದಂತಾಯಿತು.

ಅವರು ಮುಂದಿನ ಮೇಜಿನತ್ತ ಹೋಗಲಿಲ್ಲ. ಬೆಂಚಿನ ನಂಬರುಗಳನ್ನು ನೋಡುತ್ತ ಬಂದು ಪಕ್ಕದ ಸಾಲಿನಲ್ಲಿ ಕೂತರು. ಕಟ್ಟಡ ಕೆಲಸದ ಹೆಲ್ಮೆಟ್ಟನ್ನು ಕೆಳಗಿಟ್ಟರು; ಅದರ ಮೇಲೂ ಅದೇ ಬಿಳಿ ಪುಡಿ. ಜೇಬಿನಿಂದ ಹಾಲ್ ಟಿಕೆಟ್ ತೆಗೆದರು. ತಲೆಯೆತ್ತಿ, ಅವಳನ್ನು ಕಂಡು, ಅವಳ ಕೈಯಲ್ಲಿದ್ದ ಹಾಲ್ ಟಿಕೆಟ್ಟನ್ನೂ ಕಂಡು, ಬಾಯಿ ತೆರೆದರು.

“ಮೇಡಂ, ಪಾಠ ಹೇಳಿಕೊಟ್ಟವರು ನೀವು… ನೀವ್ಯಾಕೆ ಪರೀಕ್ಷೆಗೆ ಕೂತಿದೀರಿ?”