ಮಾರ್ಸೆಲ್ ಬಾಬರ ಪಾದ

ಪಟ್ಟಿಯಲ್ಲಿ ಏನೋ ಎಡವಟ್ಟಾಗಿದೆ. ಇಗರ್ಜಿಯ ಸೂಚನಾ ಫಲಕದ ಮುಂದೆ ನಿಂತು ಮಾರ್ಸೆಲ್ ಸಿಕ್ವೇರಾ ಎರಡನೇ ಸಲ ಓದಿದರು. ಪವಿತ್ರ ಗುರುವಾರದ ಪೂಜೆಯಲ್ಲಿ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿ. ಮೊದಲ ಹೆಸರು ತಮ್ಮದೇ, ಅದರಲ್ಲಿ ತಕರಾರಿಲ್ಲ. ತಕರಾರು ಉಳಿದ ಹನ್ನೊಂದರಲ್ಲಿ.

ಎರಡನೆಯವನು ರಿಕ್ಷಾ ಓಡಿಸುವ ಜೊಕಿಂ. ಕುಡಿದು ಬಂದು ಹೆಂಡತಿಗೆ ಹೊಡೆಯುವವನು. ಮೂರನೆಯವಳು ಕಾರ್ಮಿನ್ ಬಾಯಿ. ಅವಳ ನಾಲಿಗೆಯಿಂದ ಎರಡು ಮದುವೆ ಮುರಿದಿವೆ. ಆಮೇಲೆ ಬಾವಿಯ ದಾರಿಗೆ ಬೇಲಿ ಹಾಕಿದವನು, ಒಡಹುಟ್ಟಿದ ಅಣ್ಣನನ್ನೇ ಕೋರ್ಟಿಗೆ ಅಲೆಸುತ್ತಿರುವವನು. ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ ನಡೆಯುವ ವಿಧಿಗೆ ಈ ಕಸವೆಲ್ಲ ಎಲ್ಲಿಂದ ಬಂತು?

"ಫಾದರ್ ಆರಿಸಿದ್ದಲ್ಲ ಬಾಬ್," ಅಂದ ಗಂಟೆ ಹೊಡೆಯುವ ಲಾದ್ರು. "ಜನರೇ ಚೀಟಿ ಬರೆದು ಹಾಕಿದ್ದು. ನೀವು ಕಣ್ಣಿನ ಪೊರೆ ತೆಗೆಸಲಿಕ್ಕೆ ಮಂಗಳೂರಿಗೆ ಹೋಗಿದ್ದಿರಲ್ಲ, ಆ ಆದಿತ್ಯವಾರ. ನಿಮ್ಮ ಹೆಸರಿನದ್ದೇ ಎಲ್ಲಕ್ಕಿಂತ ಜಾಸ್ತಿ."

"ಹೌದಾ? ಉಳಿದವರದ್ದು?"

"ಅವರೆಲ್ಲ ನಿಮ್ಮ ಹತ್ತಿರಕ್ಕೂ ಬರುವುದಿಲ್ಲ."

ಮಾರ್ಸೆಲ್‌ಗೆ ಸಮಾಧಾನವಾಯಿತು. ಜನ ಕೊನೆಗೂ ಗುರುತಿಸಿದ್ದಾರೆ. ಮೂಡಬಿದಿರೆಯ ಪೇಟೆಯಲ್ಲಿ ಸಿಮೆಂಟಿನ ಅಂಗಡಿ ಇಟ್ಟುಕೊಂಡು, ಶಿರ್ತಾಡಿಯ ಆಚೆಗಿನ ಈ ಸಣ್ಣ ಇಗರ್ಜಿಯ ಪಾಲನಾ ಮಂಡಳಿಗೆ ಹದಿನಾಲ್ಕು ವರ್ಷದಿಂದ ಅವರೇ ಉಪಾಧ್ಯಕ್ಷರು. ವಿನಯ ಎಂದರೆ ಏನೆಂದು ಊರಿಗೆ ತೋರಿಸಿಕೊಟ್ಟವರೂ ಅವರೇ. ಹಬ್ಬದ ದಿನ ಕಟ್ಟಕಡೆಯ ಬೆಂಚಿನಲ್ಲಿ ಕೂರುತ್ತಿದ್ದರು. ಮೈಕಿನಲ್ಲಿ ಮೂರು ಸಲ ಹೆಸರು ಕರೆಯದೆ ವೇದಿಕೆ ಹತ್ತುತ್ತಿರಲಿಲ್ಲ. ಒಂದು ವರ್ಷ ಮೈಕಿನವನು ಎರಡೇ ಸಲ ಕರೆದ. ಮರುವರ್ಷ ಮೈಕಿನವನು ಬೇರೆಯಿದ್ದ.

ಸೇವೆಯೂ ಹಾಗೆಯೇ. ಕ್ರಿಸ್ಮಸ್ಸಿಗೆ ವಿಧವೆ ಸಬೀನಾ ಬಾಯಿಗೆ ಕಂಬಳಿ ಕೊಟ್ಟಾಗ ಫೋಟೋ ಸರಿ ಬರಲಿಲ್ಲವೆಂದು ಅವಳ ಕೈಯಿಂದ ಕಂಬಳಿ ವಾಪಸು ಪಡೆದು ಮತ್ತೆರಡು ಸಲ ಕೊಟ್ಟಿದ್ದರು. ಊರಿನ ಪ್ರತಿಯೊಂದು ಮನೆಗೂ ಅವರ ಉಪಕಾರ ತಲುಪಿತ್ತು. ಅದನ್ನು ಮರೆಯಲು ಅವರು ಯಾರನ್ನೂ ಬಿಟ್ಟಿರಲಿಲ್ಲ.

ಆ ಸಂಜೆ ಫಾದರ್ ವಲೇರಿಯನ್ ಮನೆಗೆ ಬಂದರು. ಈ ಇಗರ್ಜಿಗೆ ಬಂದು ಒಂದೂವರೆ ವರ್ಷವಾಗಿದ್ದ, ಮೆಲ್ಲಗೆ ಮಾತಾಡುವ ಪಾದ್ರಿ.

"ಹನ್ನೆರಡು ಮಂದಿಯ ಮನೆಗೂ ಹೋಗ್ತಿದ್ದೇನೆ. ನಿಮ್ಮ ಹೆಸರು ಯಾಕೆ ಬಂತು ಅಂತ ನಾನೇ ಹೇಳಬೇಕಲ್ಲ."

"ಬೇಡ ಫಾದರ್!" ಮಾರ್ಸೆಲ್ ಎರಡೂ ಕೈ ಎತ್ತಿದರು. "ನನ್ನ ವಿಷಯ ನನ್ನ ಎದುರಿಗೇ ಹೇಳಿದರೆ ನನಗೆ ಆಗುವುದಿಲ್ಲ. ನಾನು ದೇವರ ಕಾಲಿನ ಧೂಳು."

"ಆದರೂ ಒಮ್ಮೆ ಕೇಳಿ. ಕೇಳಿದ ಮೇಲೆ ಕೂರುವುದು ಬೇಡ ಅನ್ನಿಸಿದರೆ ಬಿಡಬಹುದು, ಒತ್ತಾಯ ಇಲ್ಲ."

"ನಾನು ಬಿಟ್ಟರೆ ಜನಕ್ಕೆ ಬೇಜಾರಾದೀತು. ಫೆಲ್ಸೀ, ಫಾದರ್‌ಗೆ ಚಹಾ ತಾ!"

ಫಾದರ್ ಮತ್ತೆ ಎರಡು ಸಲ ಬಾಯಿ ತೆರೆದರು. ಎರಡು ಸಲವೂ ಮಾರ್ಸೆಲ್ ಕಿವಿ ಮುಚ್ಚಿಕೊಂಡು ನಾಚಿಕೆಯಿಂದ ನಕ್ಕರು. ಚಹಾ ಕುಡಿದು ಫಾದರ್ ಎದ್ದು ಹೋದರು.

"ನೀನು ಯಾರ ಹೆಸರು ಬರೆದೆ?" ಮಾರ್ಸೆಲ್ ಹೆಂಡತಿಯನ್ನು ಕೇಳಿದರು.

ಫೆಲ್ಸಿ ಲೋಟ ಎತ್ತಿಕೊಳ್ಳುತ್ತಿದ್ದಳು. "ನಿಮ್ಮದೇ. ಮೂವತ್ತಾರು ವರ್ಷ ನಿಮ್ಮೊಟ್ಟಿಗೆ ಸಂಸಾರ ಮಾಡಿ ಬೇರೆ ಯಾರದ್ದು ಬರೆಯಲಿ?"

ಮಾರ್ಸೆಲ್‌ರ ಎದೆ ಉಬ್ಬಿತು.

ಗುರುವಾರ ಬೆಳಿಗ್ಗೆ ಮೂಡಬಿದಿರೆಗೆ ಹೋಗಿ ಪಾದ ಉಜ್ಜಿಸಿ, ಉಗುರು ತೆಗೆಸಿಕೊಂಡು ಬಂದರು. ತೊಳೆಯಲು ಪಾದ್ರಿಗೆ ಕೊಳೆಯೇ ಉಳಿಯದ ಹಾಗೆ. ಸ್ಟುಡಿಯೋದವನಿಗೂ ಬರಹೇಳಿದರು.

ಸಂಜೆಯ ಪೂಜೆಗೆ ಇಗರ್ಜಿ ತುಂಬಿತ್ತು. ಹನ್ನೊಂದು ಮಂದಿ ತಲೆ ತಗ್ಗಿಸಿ ಕೂತಿದ್ದರು. ಮೊದಲ ಕುರ್ಚಿಯಲ್ಲಿ ಮಾರ್ಸೆಲ್ ಒಬ್ಬರೇ ಕ್ಯಾಮೆರಾದ ಕಡೆ ಮುಖ ಮಾಡಿದ್ದರು. ಫಾದರ್ ಮಂಡಿಯೂರಿ ಒಬ್ಬೊಬ್ಬರ ಪಾದ ತೊಳೆದು, ಒರೆಸಿ, ಮುತ್ತಿಟ್ಟರು. ಆಮೇಲೆ ಎದ್ದು ನಿಂತು ಜನರ ಕಡೆ ತಿರುಗಿದರು.

"ಚೀಟಿ ಬರೆದವರು ಈಗ ಮುಂದೆ ಬನ್ನಿ. ನೀವು ಯಾರ ಹೆಸರು ಬರೆದಿರೋ ಅವರ ಪಾದ ನೀವೇ ತೊಳೆಯಿರಿ. ಮನಸ್ಸು ಬಂದವರು ಮಾತ್ರ."

ನಂತರ ಒಬ್ಬೊಬ್ಬರಾಗಿ ಎದ್ದರು. ಜೊಕಿಂನ ಮುಂದೆ ಇಬ್ಬರು ನಿಂತರು, ಹೆಂಡತಿ ಮತ್ತು ಅತ್ತೆ. ಕಾರ್ಮಿನ್ ಬಾಯಿಯ ಮುಂದೆ ಐದಾರು ಮಂದಿ. ಮಾರ್ಸೆಲ್‌ರ ಮುಂದಿನ ಸಾಲು ನಡುಹಾದಿಯುದ್ದಕ್ಕೂ ಬೆಳೆದು, ಬಾಗಿಲು ದಾಟಿ, ಅಂಗಳಕ್ಕೆ ಇಳಿಯಿತು.

ಅವರ ಕಣ್ಣು ತುಂಬಿತು. ಬಿಷಪರಿಗೂ ಇಂಥ ಸಾಲು ನಿಂತದ್ದಿಲ್ಲ.

ಮೊದಲು ಬಂದವಳು ಸಬೀನಾ ಬಾಯಿ. ಮಂಡಿಯೂರಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಚೆಂಬು ಎತ್ತಿದವಳು ಕೆಳಗಿಟ್ಟು, ಮತ್ತೆ ಎತ್ತಿಕೊಂಡಳು. ಭಕ್ತಿ ಎಂದುಕೊಂಡರು ಮಾರ್ಸೆಲ್. "ಮುಖ ಸ್ವಲ್ಪ ಈಚೆ ಮಾಡು, ಫೋಟೋ ತೆಗೀತಿದ್ದಾನೆ," ಎಂದು ಪಿಸುಗುಟ್ಟಿದರು. ಅವಳು ಕಣ್ಣು ಮುಚ್ಚಿ ನೀರು ಹೊಯ್ದು, ಸೆರಗಿನಿಂದ ಒರೆಸಿ ಎದ್ದಳು. ಹಿಂದೆಯೇ ಅಂಗಡಿಯ ಹಳೆಯ ಆಳು. ಗಾಯನದವರು. ಲಾದ್ರು. ಒಬ್ಬ ಗಂಡಸು ಅರ್ಧ ಬಗ್ಗಿದವನು ಆಗದೆ ಹೊರಗೆ ಹೋದ; ಮತ್ತೆ ಬಂದು, ಹಲ್ಲು ಕಚ್ಚಿಕೊಂಡು ತೊಳೆದ. ಯಾರೂ ಅವರ ಮುಖ ನೋಡಲಿಲ್ಲ. ಎಂಥ ವಿನಯ! ಎಲ್ಲ ತಮ್ಮಿಂದಲೇ ಕಲಿತದ್ದು.

ಕೊನೆಯವಳು ಫೆಲ್ಸಿ. ಎಲ್ಲರಿಗಿಂತ ಹೆಚ್ಚು ಹೊತ್ತು ಅವಳು ಮಂಡಿಯಲ್ಲೇ ಇದ್ದಳು. ಎದ್ದಾಗ ಅವಳ ಮುಖ ಹೊರೆ ಇಳಿಸಿದವರ ಮುಖದಂತಿತ್ತು.

ಪಕ್ಕದ ಕುರ್ಚಿಯಲ್ಲಿ ಜೊಕಿಂ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಮಾರ್ಸೆಲ್‌ಗೆ ಕನಿಕರ ಬಂತು. ಅವನ ಕಡೆ ಬಾಗಿದರು.

"ಅಳಬೇಡ ಮಾರಾಯ. ಇಬ್ಬರಾದರೂ ಬರೆದರಲ್ಲ. ಬರುವ ವರ್ಷ ಜಾಸ್ತಿ ಆದೀತು."

ಜೊಕಿಂ ಒದ್ದೆ ಮುಖ ಎತ್ತಿ ಅವರನ್ನೇ ನೋಡಿದ.

"ನಿಮಗೆ ಯಾರೂ ಹೇಳಲೇ ಇಲ್ಲವಾ ಬಾಬ್? ಚೀಟಿಯಲ್ಲಿ ಬರೆಯಲಿಕ್ಕೆ ಇದ್ದದ್ದು, ಯಾರನ್ನು ನಮ್ಮಿಂದ ಕ್ಷಮಿಸಲಿಕ್ಕೇ ಆಗುವುದಿಲ್ಲವೋ, ಅವರ ಹೆಸರು."