ಮೇಷ್ಟ್ರಿಗೊಂದು ವಾಚು

ವಾಚು ಸಂಗ್ರಹಿಸುವ ವಸುಪಾಲನಿಗೆ ದಿನಾ ಕೀ ಕೊಡಬೇಕಾದ, ತಾರೀಖು ತೋರಿಸದ, ಬಿಳಿ ಮುಖದ ವಾಚೇ ಇಷ್ಟ. ಅಂಥ ಆರನ್ನು ಅಂಗಡಿಯವನು ಮುಂದಿಟ್ಟ. ವಸುಪಾಲ ಒಂದೊಂದನ್ನೂ ಕಿವಿಗೆ ಹಿಡಿದು ಕೇಳಿದ.

“ಇದರಲ್ಲಿ ನಿಧಾನಕ್ಕೆ ಓಡೋದು ಯಾವುದು?”

“ಇದೊಂದು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತೆ ಸಾರ್. ಸರಿ ಮಾಡ್ಕೊಡ್ತೀನಿ.”

“ಮುಟ್ಟಬೇಡಿ. ಅದನ್ನೇ ಕೊಡಿ.”

ಅದು ಲಿಂಗಣ್ಣ ಮೇಷ್ಟ್ರ ನಿವೃತ್ತಿಗೆ ಹಳೆಯ ವಿದ್ಯಾರ್ಥಿಗಳ ಉಡುಗೊರೆ. ಇಪ್ಪತ್ತು ವರ್ಷಗಳ ಹಿಂದೆ ಇದೇ ಮೇಷ್ಟ್ರು ತಮ್ಮ ಕೈಯ ವಾಚು ತೋರಿಸಿ, “ಎರಡು ನಿಮಿಷ ತಡ ಕಣಯ್ಯಾ, ನಡಿ” ಎಂದು ಪಿಯುಸಿ ಪರೀಕ್ಷೆಯ ಕೊಠಡಿಯ ಬಾಗಿಲು ಹಾಕಿದ್ದರು. ಡಾಕ್ಟರಾಗುವ ವಸುಪಾಲನ ಆಸೆ ಆ ಹೊಸ್ತಿಲಲ್ಲೇ ಮುಗಿದಿತ್ತು. ಇನ್ನು ಅವರೂ ನಾಲ್ಕು ರೈಲು ತಪ್ಪಿಸಿಕೊಳ್ಳಲಿ.

ಸಮಾರಂಭದಲ್ಲಿ ವಸುಪಾಲ ತಾನೇ ಅದನ್ನು ಅವರ ಕೈಗೆ ಕಟ್ಟಿದ. ಮೇಷ್ಟ್ರು ತಾವು ಬಿಚ್ಚಿದ ಹಳೆಯ ವಾಚನ್ನು ಅವನ ಅಂಗೈಯಲ್ಲಿಟ್ಟರು.

“ನಿನ್ನ ಸಂಗ್ರಹಕ್ಕಿರಲಿ ಕಣಯ್ಯಾ. ಟೈಮ್ ಮಾತ್ರ ಸರಿ ಮಾಡ್ಕೊ. ಎಲ್ಲೂ ತಡ ಆಗಬಾರದು ಅಂತ, ಕೆಲಸಕ್ಕೆ ಸೇರಿದ ದಿನದಿಂದ ಅದನ್ನ ಐದು ನಿಮಿಷ ಮುಂದಿಟ್ಟೇ ಕಟ್ಕೊಂಡಿದ್ದೀನಿ.”